ಮನೆಯ ಧ್ವನಿಸುರುಳಿಗಳ ಉದ್ಧಾರ

ಲಂಡನ್ನಿನಲ್ಲಿ ಅನಾರೋಗ್ಯದಿಂದಲೂ ಲೋಕದ ಅಲಕ್ಷ್ಯದಿಂದಲೂ ಬಳಲುತ್ತಿದ್ದ ರಷ್ಯದ ಸಂಗೀತಕಾರ ನಿಕೊಲಾಯ್ ಮೆಟ್ನರನ ಕೃತಿಗಳು, ಆತನ ಬೆರಳುಗಳಿಂದಲೇ ಪಿಯಾನೋದ ಮೇಲೆ ನುಡಿದು ಗ್ರಾಮಫೋನ್ ತಟ್ಟೆಗಳಲ್ಲಿ ಉಳಿಯುವಂತಾದುದು, 1940ರ ದಶಕದ ಕೊನೆಯಲ್ಲಿ ಮೈಸೂರಿನ ಮಹಾರಾಜ ಜಯಚಾಮರಾಜ ಒಡೆಯರು ಅದರ ವೆಚ್ಚವನ್ನು ವಹಿಸಿಕೊಂಡುದರಿಂದ. ಮೆಚ್ಚಿದ ಸಂಗೀತವನ್ನು ಉಳಿಸಿಕೊಳ್ಳಲು ಅಂದು ಅರಸರ ಬೊಕ್ಕಸವೇ ಬೇಕಾಗಿತ್ತು. 1963ರಲ್ಲಿ ಫಿಲಿಪ್ಸ್ ಸಂಸ್ಥೆಯವರು ಕ್ಯಾಸೆಟ್ಟನ್ನು ಹೊರತಂದ ತರುವಾಯ ಆ ಭಾಗ್ಯವು ಕ್ರಮೇಣ ಸಾಮಾನ್ಯರ ಮನೆಗಳಿಗೂ ಲಭಿಸಿ, ರಾಮನವಮಿಯ ಪೆಂಡಾಲಿನಲ್ಲಿ ಮುಂದಿನ ಸಾಲು ಹಿಡಿದು ಕುಳಿತ ರಸಿಕರೂ, ಆಕಾಶವಾಣಿಯ ಕಛೇರಿಗಾಗಿ ಟೂ-ಇನ್-ಒನ್ನಿನ ಗುಂಡಿಯ ಮೇಲೆ ಬೆರಳಿಟ್ಟು ಕಾದ ಗೃಹಿಣಿಯರೂ, ತಮಗರಿವಿಲ್ಲದೆಯೇ ಈ ನಾಡಿನ ಸಂಗೀತಚರಿತ್ರೆಯನ್ನು ದಾಖಲಿಸಿದವರಾದರು. ಆ ಸುರುಳಿಗಳು ಈಗ ಅಟ್ಟದ ಮೇಲೆ ಬೂಷ್ಟು ಹಿಡಿಯುತ್ತಿವೆ.

ಅವನ್ನು ಕಂಪ್ಯೂಟರಿಗೆ ಇಳಿಸುವ ಕಾರ್ಯದಲ್ಲಿ ನಾನು ಬಹುಕಾಲದಿಂದ ಆಸಕ್ತ. ಸಾಧನಗಳು ಅಲ್ಪ: ಸರಿಯಾಗಿ ಓಡುವ ಟೇಪ್ ರೆಕಾರ್ಡರು, ಅದನ್ನು ಕಂಪ್ಯೂಟರಿಗೆ ಜೋಡಿಸುವ ತಂತಿ, ಮತ್ತು 2000ರಲ್ಲಿ ಬಿಡುಗಡೆಯಾಗಿ ಇಂದಿಗೂ ಉಚಿತವಾಗಿ ದೊರೆಯುವ ಆಡಾಸಿಟಿಯಂಥ ತಂತ್ರಾಂಶ. ಮನುಷ್ಯನ ಕಿವಿಗೆ ನಿಲುಕುವುದು ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗಿನ ನಾದವಾದುದರಿಂದಲೂ, ನಾದವನ್ನು ನಷ್ಟವಿಲ್ಲದೆ ಅಂಕಿಗಳಾಗಿ ಹಿಡಿಯಲು ಅದರ ಎರಡರಷ್ಟಕ್ಕಿಂತ ಹೆಚ್ಚು ಬಾರಿ ಅಳೆಯಬೇಕಾದುದರಿಂದಲೂ, ತಂತ್ರಾಂಶವು ಸೆಕೆಂಡಿಗೆ 44,100 ಬಾರಿ ಧ್ವನಿಯನ್ನು ಅಳೆದು ಬರೆದಿಡುತ್ತದೆ. ಹೀಗೆ ಒಂದು ಗಂಟೆಯ ಸುರುಳಿ ಸುಮಾರು 635 ಮೆಗಾಬೈಟ್ ಆಗುವುದು. ಫ್ಲ್ಯಾಕ್ ಎಂಬ ವಿಧಾನವು ಅದರಲ್ಲಿ ಏನನ್ನೂ ಕಳೆಯದೆ ಗಾತ್ರವನ್ನು ಹೆಚ್ಚುಕಡಿಮೆ ಅರ್ಧಕ್ಕೆ ತರುತ್ತದೆ. ಎಂಪಿ3 ಇನ್ನೂ ಕುಗ್ಗಿಸುವುದಾದರೂ, ಕಿವಿಗೆ ಅಷ್ಟಾಗಿ ತಿಳಿಯದೆಂದು ತಾನು ಎಣಿಸಿದುದನ್ನು ಬಿಸುಟುಬಿಡುತ್ತದೆ. ಮೊಬೈಲಿನಲ್ಲಿ ಕೇಳಲು ಎಂಪಿ3 ಸಾಕು. ಮೂಲಪ್ರತಿಯನ್ನು ಮಾತ್ರ ಫ್ಲ್ಯಾಕ್‌ನಲ್ಲಿಯೇ ಇಡತಕ್ಕದ್ದು.

ಯಂತ್ರದ ಕೆಲಸ ಇಲ್ಲಿಗೆ ಮುಗಿದು, ಕಿವಿಯ ಕೆಲಸ ಮೊದಲಾಗುತ್ತದೆ. ಮುದ್ರಿಸಿಕೊಳ್ಳುವಾಗ ಬ್ಯಾಟರಿ ಸೊರಗಿದ್ದರೆ ಸುರುಳಿ ನಿಧಾನವಾಗಿ ಓಡಿರುತ್ತದೆ. ಅದನ್ನೇ ಈಗ ಸರಿಯಾದ ವೇಗದಲ್ಲಿ ಓಡಿಸಿದರೆ ಗಾಯಕರ ಶ್ರುತಿ ಮೇಲೇರಿ, ಚೌಕಕಾಲದ ಕೃತಿಯೂ ಧಾವಿಸುವಂತೆ ಕೇಳುವುದು. ಇದಕ್ಕೊಂದು ಸೊಗಸಾದ ಸಾಕ್ಷ್ಯ ಮುದ್ರಣದೊಳಗೇ ಅಡಗಿರುವುದುಂಟು. ಪೆಂಡಾಲಿನ ಧ್ವನಿವರ್ಧಕದಿಂದ ಹೊಮ್ಮಿದ ವಿದ್ಯುತ್ತಿನ ಗುಂಯ್‌ಗಾರವು ನಮ್ಮ ದೇಶದಲ್ಲಿ ಸೆಕೆಂಡಿಗೆ ಸುಮಾರು 50 ಕಂಪನಗಳದು. ತಂತ್ರಾಂಶದ ನಕ್ಷೆಯಲ್ಲಿ ಅದು 52ರ ಬಳಿ ಕಂಡರೆ, ಸುರುಳಿ ನೂರಕ್ಕೆ ನಾಲ್ಕರಷ್ಟು ವೇಗವಾಗಿ ಓಡುತ್ತಿದೆಯೆಂದು ತಿಳಿದು, ಶ್ರುತಿಯನ್ನೂ ವೇಗವನ್ನೂ ಒಟ್ಟಿಗೆ ತಗ್ಗಿಸಬಹುದು.

ಸದ್ದನ್ನು ಅಳಿಸುವ ಸೌಲಭ್ಯದ ವಿಷಯದಲ್ಲಿ ಮಾತ್ರ ಅತ್ಯಂತ ಎಚ್ಚರ ಅಗತ್ಯ. ಬರಿಯ ಮರ್ಮರವಿರುವ ತುಣುಕೊಂದನ್ನು ಮಾದರಿಯಾಗಿ ತೋರಿಸಿದರೆ, ತಂತ್ರಾಂಶವು ಅಂಥದನ್ನೆಲ್ಲ ಮುದ್ರಣದುದ್ದಕ್ಕೂ ತಗ್ಗಿಸುತ್ತದೆ. ಆದರೆ ನಮ್ಮ ಕಛೇರಿಗಳಲ್ಲಿ ಹಾಡಿನ ಮೊದಲಿನ ಮೌನವೆಂಬುದು ಮೌನವಲ್ಲ. ಅಲ್ಲಿ ತಂಬೂರಿ ನುಡಿಯುತ್ತಿರುತ್ತದೆ. ಆ ಕ್ಷಣವನ್ನೇ ಮಾದರಿಯಾಗಿ ಕೊಟ್ಟವರು ತಂಬೂರಿಯನ್ನೇ ಕಸವೆಂದು ಯಂತ್ರಕ್ಕೆ ಹೇಳಿಕೊಟ್ಟಂತಾಗಿ, ಷಡ್ಜ ಪಂಚಮಗಳ ಆಧಾರವೇ ಕುಸಿದು, ಗಾಯಕರ ಕಂಠ ನೀರಿನೊಳಗಿಂದ ಬಂದಂತೆ ಕೇಳತೊಡಗುವುದು. ಕೊಂಚ ಮರ್ಮರ ಉಳಿದರೂ ಚಿಂತೆಯಿಲ್ಲ, ತಂಬೂರಿ ಅಳಿಯಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇಷ್ಟಾದರೂ ಅರ್ಧ ಕೆಲಸವೇ ಆಯಿತು. ಹಾಡು ಕೇಳಿಸುವ ತಂತ್ರಾಂಶಗಳು ಸಾಮಾನ್ಯವಾಗಿ ಮುಂದಿಡುವುದು ಗಾಯಕ, ಆಲ್ಬಮ್, ಹಾಡು ಎಂಬ ಮೂರು ಕೋಷ್ಠಕಗಳನ್ನು. ಚಲನಚಿತ್ರಗೀತೆಗೆ ಹೇಗೋ ಸಾಲುವ ಈ ಏರ್ಪಾಡಿನಲ್ಲಿ ರಾಗಕ್ಕೆ, ತಾಳಕ್ಕೆ, ವಾಗ್ಗೇಯಕಾರರಿಗೆ, ಪಿಟೀಲು ಮೃದಂಗಗಳಲ್ಲಿ ಸರಿಸಮನಾಗಿ ದುಡಿದ ವಿದ್ವಾಂಸರಿಗೆ ಸ್ಥಾನವಿಲ್ಲ. ಫ್ಲ್ಯಾಕ್ ಕಡತವಾದರೋ ನಮಗೆ ಬೇಕಾದ ಹೆಸರಿನ ಕೋಷ್ಠಕವನ್ನು ಸೇರಿಸಲೂ, ಅದರಲ್ಲಿ ಕನ್ನಡ ಲಿಪಿಯಲ್ಲಿಯೇ ಬರೆಯಲೂ ಅವಕಾಶ ಕೊಡುತ್ತದೆ. ಎಂಪಿ3ಟ್ಯಾಗ್ ಮುಂತಾದ ತಂತ್ರಾಂಶಗಳಿಂದ ಇದು ಸುಲಭಸಾಧ್ಯ. ವಿವರವಿಲ್ಲದ ಕಡತವು ಹೆಸರು ಹರಿದ ಸುರುಳಿಗಿಂತ ಮೇಲೇನೂ ಅಲ್ಲ. ತನಿ ಆವರ್ತನ ನುಡಿಸಿದವರು ಯಾರೆಂಬುದನ್ನು ಯಾವ ಯಂತ್ರವೂ ನಂಬುವಂತೆ ಹೇಳಲಾರದು. ಆ ಕಛೇರಿಯಲ್ಲಿ ಕುಳಿತಿದ್ದ ಹಿರಿಯರು ಎರಡು ಆವರ್ತ ಕೇಳಿ ಹೇಳಿಯಾರು.

ಆದುದರಿಂದ ವಾಚಕರಲ್ಲಿ ನನ್ನ ಬಿನ್ನಹವಿಷ್ಟೆ: ಅಟ್ಟದಿಂದ ಸುರುಳಿಗಳನ್ನು ಇಳಿಸುವ ದಿನ, ಅವುಗಳ ಹೊದಿಕೆಯ ಮೇಲಿನ ಅಕ್ಷರವನ್ನು ಗುರುತಿಸಬಲ್ಲ ತಂದೆಯನ್ನೋ ಸೋದರತ್ತೆಯನ್ನೋ ಪಕ್ಕದಲ್ಲಿ ಕೂರಿಸಿಕೊಳ್ಳಿ, ಅವರು ಹೇಳಿದುದನ್ನು ಅಲ್ಲಿಯೇ ಬರೆದುಕೊಳ್ಳಿ, ಸಿದ್ಧವಾದ ಕಡತಗಳ ಎರಡು ಪ್ರತಿಗಳನ್ನು ಎರಡು ಬೇರೆ ಹಾರ್ಡ್ ಡಿಸ್ಕುಗಳಲ್ಲಿ, ಸಾಧ್ಯವಾದರೆ ಎರಡು ಬೇರೆ ಮನೆಗಳಲ್ಲಿ, ಇರಿಸಿ.