ಲ್ಯಾಪ್‌ಟಾಪ್ ದೋಷ: ಮೊದಲು ಪತ್ತೆ, ಅನಂತರ ವೆಚ್ಚ

ಅರಸೀಕೆರೆಯ ಕೊಬ್ಬರಿ ಮಂಡಿಯಲ್ಲಿ ವರ್ತಕರ ಮುಂದಿದ್ದ ಲೆಕ್ಕದ ಪುಸ್ತಕದ ಪಕ್ಕದಲ್ಲಿ ಇಂದು ಲ್ಯಾಪ್‌ಟಾಪ್ ಬಂದು ಕುಳಿತಿದೆ. 2017ರ ಜುಲೈ 1ರಂದು ಜಿಎಸ್‌ಟಿ, 2018ರ ಏಪ್ರಿಲ್‌ನಲ್ಲಿ ಇ-ವೇ ಬಿಲ್, 2023ರ ಆಗಸ್ಟ್‌ನಿಂದ 5 ಕೋಟಿ ರೂ. ಮೀರಿದ ವಹಿವಾಟಿನ ಸಂಸ್ಥೆಗಳಿಗೆ ಇ-ಇನ್‌ವಾಯ್ಸ್, ಹೀಗೆ ಒಂದೊಂದಾಗಿ ಜಾರಿಗೆ ಬಂದ ವ್ಯವಸ್ಥೆಗಳು ಈ ಯಂತ್ರವನ್ನು ತಕ್ಕಡಿಯಷ್ಟೇ ಅಗತ್ಯದ ಸಾಧನವನ್ನಾಗಿಸಿವೆ. 50,000 ರೂ. ಮೀರಿದ ಸರಕು ತುಂಬಿದ ಲಾರಿ ಸಾಮಾನ್ಯವಾಗಿ ಇ-ವೇ ಬಿಲ್ ಇಲ್ಲದೆ ಹೊರಡುವಂತಿಲ್ಲ. ತೆರಿಗೆ ಬಾಕಿಯಿರುವ ಮಾಸಿಕ ರಿಟರ್ನ್ ತಡವಾದರೆ ದಿನಕ್ಕೆ 50 ರೂ. ವಿಳಂಬ ಶುಲ್ಕವಲ್ಲದೆ, ಬಾಕಿ ತೆರಿಗೆಯ ಮೇಲೆ ವಾರ್ಷಿಕ ಶೇ. 18ರಷ್ಟು ಬಡ್ಡಿಯನ್ನೂ ತೆರಬೇಕಾಗುತ್ತದೆ. ಇಂತಹ ಹೊತ್ತಿನಲ್ಲಿ ಕರೆಂಟು ಹೋಗಿ, ಅದರ ಬೆನ್ನಿಗೇ ಲ್ಯಾಪ್‌ಟಾಪೂ ಆರಿಹೋದರೆ ಆಗುವ ನಷ್ಟವನ್ನು ಬೇರೆ ಹೇಳಬೇಕಾಗಿಲ್ಲ.

ಆಗ ನಮ್ಮಲ್ಲಿ ಹೆಚ್ಚಿನವರು ಮಾಡುವುದು ಒಂದೇ ಕೆಲಸ: ಹೊಸ ಬ್ಯಾಟರಿ ಕೊಳ್ಳುವುದು, ಇಲ್ಲವೇ ಯಂತ್ರವನ್ನೇ ಬದಲಿಸುವುದು. ಆದರೆ "ಚಾರ್ಜ್ ನಿಲ್ಲುವುದಿಲ್ಲ" ಎಂಬ ಒಂದೇ ದೂರಿನ ಹಿಂದೆ ಮೂರು ಬೇರೆ ಬೇರೆ ಕಾರಣಗಳಿರಬಹುದು. ಬ್ಯಾಟರಿ ಸವೆದಿರಬಹುದು, ಯಂತ್ರ ಸರಿಯಾಗಿ ನಿದ್ರೆಗೆ ಜಾರದಿರಬಹುದು, ಡ್ರೈವರ್ ಕೆಟ್ಟಿರಬಹುದು. ಮೊದಲನೆಯದಕ್ಕೆ ಮಾತ್ರ ಹಣ ಬೇಕು. ಉಳಿದೆರಡಕ್ಕೆ ಬೇಕಾದುದು ಸ್ವಲ್ಪ ತಾಳ್ಮೆ.

ಬ್ಯಾಟರಿ: ಸವೆತವನ್ನು ಅಳೆಯಿರಿ

ಬ್ಯಾಟರಿಯ ಆರೋಗ್ಯವನ್ನು ಅಂದಾಜಿನಿಂದ ಹೇಳಬೇಕಾಗಿಲ್ಲ; ವಿಂಡೋಸ್ ತಾನೇ ಲೆಕ್ಕ ಇಟ್ಟಿರುತ್ತದೆ. ಕಮಾಂಡ್ ಪ್ರಾಂಪ್ಟ್ ತೆರೆದು, ಇಂಗ್ಲಿಷಿನಲ್ಲಿ "ಪವರ್" ಎಂಬ ಪದಕ್ಕೆ ಸಿ, ಎಫ್, ಜಿ ಅಕ್ಷರಗಳನ್ನು ಸೇರಿಸಿ, ಒಂದು ಅಕ್ಷರದ ಜಾಗ ಬಿಟ್ಟು, ಓರೆಗೆರೆ ಹಾಕಿ, "ಬ್ಯಾಟರಿರಿಪೋರ್ಟ್" ಎಂದು ಒಂದೇ ಪದವಾಗಿ ಟೈಪ್ ಮಾಡಬೇಕು. ವರದಿ ಎಲ್ಲಿ ಉಳಿದಿದೆ ಎಂಬುದನ್ನು ಪರದೆಯೇ ತೋರಿಸುತ್ತದೆ. ಅದರಲ್ಲಿ ಎರಡು ಅಂಕಿಗಳನ್ನು ಹೋಲಿಸಿ ನೋಡಬೇಕು: ಹೊಸದಾಗಿದ್ದಾಗಿನ ಡಿಸೈನ್ ಕೆಪ್ಯಾಸಿಟಿ ಮತ್ತು ಇಂದಿನ ಫುಲ್ ಚಾರ್ಜ್ ಕೆಪ್ಯಾಸಿಟಿ.

ಉದಾಹರಣೆಗೆ, ಮೊದಲನೆಯದು 48,000 ಮತ್ತು ಎರಡನೆಯದು 21,600 ಮಿಲಿವ್ಯಾಟ್-ಅವರ್ ಎಂದಿದ್ದರೆ, ಉಳಿದಿರುವ ಸಾಮರ್ಥ್ಯ ಶೇ. 45 ಮಾತ್ರ. 12 ವ್ಯಾಟ್ ಬಳಸುವ ಯಂತ್ರ ಹಿಂದೆ 4 ಗಂಟೆ ನಡೆಯುತ್ತಿದ್ದರೆ ಈಗ 1 ಗಂಟೆ 48 ನಿಮಿಷ ನಡೆದೀತು. ಇಂತಹ ಬ್ಯಾಟರಿಯನ್ನು ಬದಲಿಸುವುದೇ ಸರಿ. ಆದರೆ ಅಂಕಿ ಶೇ. 80ಕ್ಕಿಂತ ಹೆಚ್ಚಿದ್ದೂ ಚಾರ್ಜ್ ಬೇಗನೆ ಇಳಿಯುತ್ತಿದ್ದರೆ ತಪ್ಪು ಬ್ಯಾಟರಿಯದಲ್ಲ. ಪರದೆಯ ಬೆಳಕು, ಹಿನ್ನೆಲೆಯಲ್ಲಿ ಓಡುವ ತಂತ್ರಾಂಶಗಳು ಅಥವಾ ಮುಂದೆ ಹೇಳಲಿರುವ ದೋಷಗಳನ್ನು ಪರಿಶೀಲಿಸಬೇಕು.

ಲಿಥಿಯಂ-ಅಯಾನ್ ಬ್ಯಾಟರಿಗೆ ದೊಡ್ಡ ಶತ್ರು ಶಾಖ. ಪೂರ್ಣ ಚಾರ್ಜ್ ಜೊತೆಗೂಡಿದ ಶಾಖವಂತೂ ಇನ್ನೂ ಕೆಟ್ಟದ್ದು. ತಗಡಿನ ಚಾವಣಿಯ ಗೋದಾಮಿನಲ್ಲಿ ದಿನವಿಡೀ ಚಾರ್ಜರ್‌ಗೆ ಸಿಕ್ಕಿಸಿಟ್ಟ ಯಂತ್ರದ ಬ್ಯಾಟರಿ ಬೇಗ ಸವೆಯುವುದು ಇದರಿಂದಲೇ. ಅನೇಕ ಕಂಪನಿಗಳ ಲ್ಯಾಪ್‌ಟಾಪ್‌ಗಳಲ್ಲಿ ಚಾರ್ಜನ್ನು ಶೇ. 80ಕ್ಕೆ ನಿಲ್ಲಿಸುವ ಸೌಲಭ್ಯವಿದೆ. ಸದಾ ಅಂಗಡಿಯಲ್ಲೇ ಇರುವ ಯಂತ್ರಕ್ಕೆ ಅದನ್ನು ಬಳಸುವುದು ಲೇಸು.

ನಿದ್ರೆ: ಮುಚ್ಚಿದ್ದೆಲ್ಲ ಮಲಗಿದ್ದಲ್ಲ

ಬೇಲೂರಿನ ಕಾಫಿ, ಮೆಣಸಿನ ವ್ಯಾಪಾರಿಯೊಬ್ಬರು ಬೆಳಿಗ್ಗೆ ಲ್ಯಾಪ್‌ಟಾಪ್ ಮುಚ್ಚಿ ಚೀಲಕ್ಕೆ ಹಾಕಿಕೊಂಡು ಹಾಸನಕ್ಕೆ ಹೊರಟರೆನ್ನಿ. ಸುಮಾರು 40 ಕಿ.ಮೀ. ಪಯಣದ ನಂತರ ತೆರೆದು ನೋಡಿದರೆ ಯಂತ್ರ ಬಿಸಿಯೇರಿದೆ, ಚಾರ್ಜ್ ಇಳಿದುಹೋಗಿದೆ. ಹಳೆಯ ಯಂತ್ರಗಳು ನಿದ್ರಿಸುವಾಗ ಮೆಮೊರಿಗೆ ಮಾತ್ರ ವಿದ್ಯುತ್ ನೀಡಿ ಉಳಿದುದನ್ನು ಸ್ಥಗಿತಗೊಳಿಸುತ್ತಿದ್ದವು. ಇತ್ತೀಚಿನ ಅನೇಕ ಯಂತ್ರಗಳಲ್ಲಿರುವುದು "ಮಾಡರ್ನ್ ಸ್ಟ್ಯಾಂಡ್‌ಬೈ". ಇವು ಮೊಬೈಲಿನಂತೆ ಮುಚ್ಚಿದ ಮೇಲೂ ಒಳಗೊಳಗೆ ಕೆಲಸ ಮಾಡಬಲ್ಲವು. ಗಾಳಿಯಾಡದ ಚೀಲದೊಳಗೆ ಈ ಕೆಲಸ ಮುಂದುವರಿದರೆ ಶಾಖವೂ ಏರುತ್ತದೆ.

ಇದಕ್ಕೆ ಪರಿಹಾರ ಹೈಬರ್ನೇಟ್. ಇದು ತೆರೆದಿರುವ ಕೆಲಸವನ್ನೆಲ್ಲ ಡಿಸ್ಕಿನಲ್ಲಿ ಬರೆದಿಟ್ಟು ಯಂತ್ರವನ್ನು ಆರಿಸುತ್ತದೆ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ ಮುಚ್ಚಳ ಮುಚ್ಚಿದಾಗ ಏನಾಗಬೇಕೆಂಬ ಆಯ್ಕೆಯಿದ್ದು, ಅಲ್ಲಿ ಹೈಬರ್ನೇಟ್ ಎಂದು ನಿಗದಿಪಡಿಸಬಹುದು. ಮತ್ತೆ ತೆರೆಯಲು ಕೆಲವು ಕ್ಷಣ ಹೆಚ್ಚು ಬೇಕಾದೀತು, ಅಷ್ಟೆ.

ಯಂತ್ರ ನಿದ್ರೆಗೇ ಹೋಗದಿದ್ದರೆ, ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು, ಹಿಂದೆ ಹೇಳಿದ ಆದೇಶದಲ್ಲಿಯೇ ಓರೆಗೆರೆಯ ನಂತರ "ರಿಕ್ವೆಸ್ಟ್ಸ್" ಎಂದು ಟೈಪ್ ಮಾಡಿದರೆ, ತಡೆಯುತ್ತಿರುವ ತಂತ್ರಾಂಶ ಯಾವುದೆಂದು ತಿಳಿಯುತ್ತದೆ. ನಿದ್ರೆಯಿಂದ ಎದ್ದಾಗ ಪರದೆ ಕಪ್ಪಾಗಿಯೇ ಉಳಿದರೆ ಹೆಚ್ಚಾಗಿ ಅದು ಡಿಸ್‌ಪ್ಲೇ ಡ್ರೈವರ್‌ನ ದೋಷ.

ಡ್ರೈವರ್: ಕೆಟ್ಟ ದುಭಾಷಿ

ವಿಂಡೋಸ್ ಮತ್ತು ಯಂತ್ರಭಾಗಗಳ ನಡುವೆ ಮಾತುಕತೆ ನಡೆಸುವ ದುಭಾಷಿಯೇ ಡ್ರೈವರ್. 2023ರ ಸೆಪ್ಟೆಂಬರ್‌ನಲ್ಲಿ ಹೊಯ್ಸಳ ದೇಗುಲಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಅವುಗಳಲ್ಲೊಂದಿರುವ ಹಳೇಬೀಡಿನಲ್ಲಿ ಬಳಪದ ಕಲ್ಲಿನ ವಿಗ್ರಹ ಮಾರುವ ಅಂಗಡಿಯೊಂದನ್ನು ಊಹಿಸಿಕೊಳ್ಳಿ. ಪ್ರವಾಸಿಗಳು ಕಾದು ನಿಂತಿರುವಾಗ, ನಿನ್ನೆಯವರೆಗೆ ನಡೆಯುತ್ತಿದ್ದ ಬಿಲ್ ಪ್ರಿಂಟರ್ ರಾತ್ರಿಯ ಅಪ್‌ಡೇಟ್ ನಂತರ ಮೌನವಾಗಿದೆ. ಇಲ್ಲಿ ಪ್ರಿಂಟರ್ ಕೆಟ್ಟಿರಲಾರದು, ದುಭಾಷಿ ಬದಲಾಗಿದ್ದಾನೆ. ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ಗುರುತು ಕಂಡ ಸಾಧನವನ್ನು ತೆರೆದು, "ರೋಲ್ ಬ್ಯಾಕ್ ಡ್ರೈವರ್" ಲಭ್ಯವಿದ್ದರೆ ಅದನ್ನು ಒತ್ತಬೇಕು. ಇಲ್ಲವಾದರೆ ಮಾದರಿ ಸಂಖ್ಯೆಯನ್ನು ನೋಡಿಕೊಂಡು ತಯಾರಕರ ಜಾಲತಾಣದಿಂದಲೇ ಡ್ರೈವರ್ ಪಡೆಯಬೇಕು. ಎಲ್ಲ ಡ್ರೈವರ್‌ಗಳನ್ನೂ ಸರಿಪಡಿಸುವೆವೆಂದು ಸಾರುವ ಉಚಿತ ತಂತ್ರಾಂಶಗಳ ಸಹವಾಸ ಬೇಡ.

ಡಿಜಿಟಲ್ ಸಹಿಯ ಟೋಕನ್‌ಗೂ ಇದೇ ಮಾತು ಅನ್ವಯಿಸುತ್ತದೆ. ಕಂಪನಿಗಳು ಜಿಎಸ್‌ಟಿ ರಿಟರ್ನ್‌ಗೆ ಡಿಜಿಟಲ್ ಸಹಿ ಹಾಕಬೇಕಾದುದರಿಂದ, ಟೋಕನ್ ಡ್ರೈವರನ್ನು ಕೊನೆಯ ದಿನಕ್ಕೆ ಮೊದಲೇ ಪರೀಕ್ಷಿಸುವುದು ಕ್ಷೇಮ. ತೂಕದ ಯಂತ್ರವನ್ನು ಜೋಡಿಸುವ ಯುಎಸ್‌ಬಿ ಪರಿವರ್ತಕ ಕೊಳ್ಳುವಾಗಲೂ ಅಗ್ಗದ ನಕಲಿಗೆ ಮರುಳಾಗಬಾರದು. 2014ರಲ್ಲಿ ಎಫ್‌ಟಿಡಿಐ ಸಂಸ್ಥೆಯ ಹೊಸ ಡ್ರೈವರ್ ವಿಂಡೋಸ್ ಅಪ್‌ಡೇಟ್ ಮೂಲಕ ಬಂದಾಗ, ಅದರ ಹೆಸರಿನ ನಕಲಿ ಚಿಪ್‌ಗಳಿದ್ದ ಪರಿವರ್ತಕಗಳು ಕೆಲಸ ನಿಲ್ಲಿಸಿದ್ದವು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಕೊನೆಗೊಂಡಿದೆ. ವಿಂಡೋಸ್ 11ಕ್ಕೆ ಹೋಗುವವರು ತಮ್ಮ ಹಳೆಯ ಪ್ರಿಂಟರ್, ತಕ್ಕಡಿಗಳಿಗೆ ಡ್ರೈವರ್ ಉಂಟೇ ಎಂದು ಮೊದಲು ವಿಚಾರಿಸಬೇಕು.

ಬದಲಿಸಲೇಬೇಕಾದಾಗ

ಬ್ಯಾಟರಿ ಉಬ್ಬಿದ್ದರೆ, ಅಂದರೆ ಕೀಲಿಮಣೆ ಮೇಲೆದ್ದಿದ್ದರೆ ಅಥವಾ ತಳ ಬಾಗಿದ್ದರೆ, ಮೇಲಿನ ಯಾವ ಪರೀಕ್ಷೆಯೂ ಬೇಡ. ಚಾರ್ಜ್ ಮಾಡುವುದನ್ನು ಆ ಕ್ಷಣವೇ ನಿಲ್ಲಿಸಿ ತಜ್ಞರಿಗೆ ಒಪ್ಪಿಸಬೇಕು. ಚುಚ್ಚುವುದು, ಒತ್ತುವುದು ಬೆಂಕಿಗೆ ಆಹ್ವಾನ. ಹೊಸದರ ಮೇಲೆ ಐಎಸ್ 16046 ಗುರುತು ಮತ್ತು ಬಿಐಎಸ್ ನೋಂದಣಿ ಸಂಖ್ಯೆ ಇದೆಯೇ ನೋಡಿ, ರಸೀದಿ ಪಡೆಯಿರಿ. ಹಳೆಯದನ್ನು ಕಸಕ್ಕೆ ಎಸೆಯದೆ ಮರುಬಳಕೆಗೆ ಒಪ್ಪಿಸಬೇಕೆಂಬುದು 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಆಶಯ.

ತಕ್ಕಡಿಗೆ ಕಾಲಕಾಲಕ್ಕೆ ಮುದ್ರೆ ಹಾಕಿಸುವ ನಾವು ಲ್ಯಾಪ್‌ಟಾಪನ್ನು ಮಾತ್ರ ಅದು ಕೈಕೊಡುವವರೆಗೆ ಮರೆತಿರುತ್ತೇವೆ. ತಿಂಗಳ ಮೊದಲ ವಾರ ಹತ್ತು ನಿಮಿಷ ಮೀಸಲಿಟ್ಟು ಬ್ಯಾಟರಿ ವರದಿ ನೋಡಿ, ಟೋಕನ್ ಮತ್ತು ಪ್ರಿಂಟರ್ ಒಮ್ಮೆ ನಡೆಸಿ, ಲೆಕ್ಕದ ಪ್ರತಿಯನ್ನು ಬೇರೆಡೆ ಉಳಿಸಿಟ್ಟರೆ, 20ನೇ ತಾರೀಖಿನ ರಾತ್ರಿ ಕರೆಂಟು ಹೋದರೂ ರಿಟರ್ನ್ ಸಲ್ಲಿಕೆ ನಿಲ್ಲಲಾರದು.