ಒತ್ತಿ ಬರೆಯುವವರಿಗೆ ಟೈಪ್‌ರೈಟರ್ ಯಾಕೆ?

ಮೂರು ಪ್ರತಿಯ ಫಾರಂ ಎಂದರೆ ಟೈಪ್ ಮಾಡಿಸಲೇಬೇಕು ಎಂಬ ನಂಬಿಕೆ ಹಳೆಯದು. ಅದಕ್ಕಾಗಿ ದೊಡ್ಡಆಲಹಳ್ಳಿಯಿಂದ ಕನಕಪುರದ ಬಸ್ ಹತ್ತಬೇಕಿಲ್ಲ; ಕಾರ್ಬನ್ ಇಟ್ಟು ಕೈಯಲ್ಲೇ ಬರೆಯಬಹುದು. ಇಂಗ್ಲೆಂಡಿನ ರಾಲ್ಫ್ ವೆಡ್ಜ್‌ವುಡ್ ಕಾರ್ಬನ್ ಹಾಳೆಗೆ ಪೇಟೆಂಟ್ ಪಡೆದದ್ದು 1806ರಲ್ಲಿ. ರೆಮಿಂಗ್ಟನ್ ಟೈಪ್‌ರೈಟರ್ ಮಾರಾಟಕ್ಕೆ ಬಂದದ್ದು 1874ರ ಸುಮಾರಿಗೆ. ಅದಕ್ಕೂ ಮೊದಲೇ ವೆಡ್ಜ್‌ವುಡ್ ಮಸಿ ಹಾಳೆಯ ಮೇಲೆ ಲೋಹದ ಕಡ್ಡಿಯಿಂದ ಕೈಯಲ್ಲೇ ಬರೆಸುತ್ತಿದ್ದ.

ಕೆಳಗಿನ ಪ್ರತಿ ಮಸುಕಾದರೆ ಬೈಗುಳ ಕಾರ್ಬನ್‌ಗೇ ಬೀಳುತ್ತದೆ. ಎಷ್ಟೋ ಸಲ ತಪ್ಪು ಪೆನ್ನಿನದು. ಶಾಯಿ ಪೆನ್ನಿನ ನಿಬ್ಬಿಗೆ ಒತ್ತಡ ಕೊಡಲಾಗದು; ಬಾಲ್ ಪೆನ್ನೇ ಬೇಕು. ತೊಡೆಯ ಮೇಲಿಟ್ಟು ಬರೆಯಬಾರದು, ಗಟ್ಟಿ ಹಲಗೆ ಇರಲಿ. ಹೊಳೆಯುವ ಮಸಿಯ ಬದಿ ಕೆಳಮುಖವಾಗಿರಲಿ. ಬಿಲ್ ಪುಸ್ತಕವಾದರೆ ತುಂಬುವ ಹಾಳೆಗಳ ಹಿಂದೆ ರಟ್ಟು ತೂರಿಸಿ. ಇಲ್ಲದಿದ್ದರೆ ನಿಮ್ಮ ಲೆಕ್ಕ ಮುಂದಿನ ಗಿರಾಕಿಯ ರಸೀದಿಯಲ್ಲೂ ಮೂಡುತ್ತದೆ! ತಪ್ಪಾದರೆ ಕಾರ್ಬನ್ ತೆಗೆಯುವ ಮೊದಲೇ ಗೆರೆ ಹೊಡೆದು ತಿದ್ದಿ. ಮೇಲಿನ ಹಾಳೆಯನ್ನಷ್ಟೇ ತಿದ್ದಿದರೆ ಒಂದು ಪ್ರತಿಯಲ್ಲಿ 3, ಇನ್ನೊಂದರಲ್ಲಿ 8 ಉಳಿಯುತ್ತದೆ; ಜಗಳಕ್ಕೆ ಅಷ್ಟೇ ಸಾಕು.

ಹೆಬ್ಬೆಟ್ಟಿನ ಗುರುತು ಕೆಳಕ್ಕೆ ಇಳಿಯುತ್ತದೆ ಎಂದುಕೊಂಡವರೂ ಇದ್ದಾರೆ. ಇಳಿಯುವುದಿಲ್ಲ. ಪ್ರತಿ ಹಾಳೆಗೂ ಬೇರೆ ಬೇರೆಯಾಗಿ ಒತ್ತಿಸಬೇಕು.

“ಕಾರ್ಬನ್ ಪ್ರತಿ ಬರೀ ನಕಲು, ಕೋರ್ಟಿನಲ್ಲಿ ನಿಲ್ಲಲ್ಲ” ಎನ್ನುವುದೂ ಪೂರ್ತಿ ಸರಿಯಲ್ಲ. ಪೃಥಿ ಚಂದ್ ವಿರುದ್ಧ ಹಿಮಾಚಲ ಪ್ರದೇಶ ರಾಜ್ಯ ಪ್ರಕರಣದಲ್ಲಿ, 1989ರಲ್ಲಿ, ಒಂದೇ ಕ್ರಿಯೆಯಲ್ಲಿ ಸಿದ್ಧವಾದ ವೈದ್ಯಕೀಯ ಪ್ರಮಾಣಪತ್ರದ ಕಾರ್ಬನ್ ಪ್ರತಿಯನ್ನು ಸುಪ್ರೀಂ ಕೋರ್ಟ್ ಪ್ರಾಥಮಿಕ ಸಾಕ್ಷ್ಯವೆಂದೇ ಒಪ್ಪಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 57ನೇ ಕಲಂನಲ್ಲೂ ಈ ತತ್ವ ಉಳಿದಿದೆ. ಆಮೇಲೆ ಜೆರಾಕ್ಸ್ ಮಾಡಿಸಿದ ಪ್ರತಿಗೆ ಆ ಸ್ಥಾನವಿಲ್ಲ. ಹಾಗೆಂದು ಕಾರ್ಬನ್ ಪ್ರತಿ ಇದ್ದಮಾತ್ರಕ್ಕೆ ಅದರಲ್ಲಿ ಬರೆದದ್ದೆಲ್ಲ ನಿಜವೆಂದು ಸಾಬೀತಾಗದು. ಬರೆದವರು ಯಾರು, ಸಹಿ ಯಾರದು ಎಂಬ ಪ್ರಶ್ನೆ ಬೇರೆಯೇ.

ಈಗಿನ ಬಹಳಷ್ಟು ರಸೀದಿ ಪುಸ್ತಕಗಳಲ್ಲಿ ಕಾರ್ಬನ್ ಇರುವುದೇ ಇಲ್ಲ. ಮೇಲಿನ ಹಾಳೆಯ ಬೆನ್ನಿಗೆ ಸವರಿದ ಕಣ್ಣಿಗೆ ಕಾಣದ ಗುಳಿಗೆಗಳು ಒತ್ತಡಕ್ಕೆ ಒಡೆದು, ಅವುಗಳ ರಸ ಕೆಳಗಿನ ಹಾಳೆಯ ಲೇಪಕ್ಕೆ ತಾಗಿ ಬಣ್ಣವಾಗುತ್ತದೆ. ಕೈಗೆ ಮಸಿ ಮೆತ್ತುವುದಿಲ್ಲ, ನಿಜ. ಆದರೆ ಬಿಸಿಲಿಗೆ ಈ ಬರಹ ಮಾಸುತ್ತದೆ. ಸಾಲ ತೀರಿಸಿದ ರಸೀದಿಯಂಥದ್ದನ್ನು ವರ್ಷಗಟ್ಟಲೆ ಇಡಬೇಕಿದ್ದರೆ ಕಪ್ಪು ಕಾರ್ಬನ್ ಇಟ್ಟು ಬರೆಸಿಕೊಳ್ಳಿ.