ಹೊಸಪೇಟೆ ಸೀಮೆಯ ಚೇತರಿಕೆಯೂ ನಮ್ಮ ತೋಟಗಳೂ



ಕಾಫಿ ಕೊಯ್ಲಿಗೆ ಬಯಲುಸೀಮೆಯ ಆಳುಗಳು ಬಾರದಿದ್ದರೆ ನಮ್ಮಲ್ಲಿ ಅನೇಕರ ಕಣ ತುಂಬುವುದಿಲ್ಲ ಎಂಬುದು ತಮಗೆಲ್ಲ ತಿಳಿದದ್ದೇ. ಆದರೆ ಅವರ ಊರಿನಲ್ಲಿ ಬದುಕು ಹೇಗೆ ನಡೆಯುತ್ತದೆಂದು ನಾವು ವಿಚಾರಿಸುವುದು ಕಡಿಮೆ. 2020ರ ಮಾರ್ಚ್ 25ರಂದು ಕೊರೊನಾ ನಿಮಿತ್ತ ದೇಶಕ್ಕೆಲ್ಲ ಬೀಗ ಬಿದ್ದ ಮೇಲೆ, ಆಳಿನ ಊರಿನ ಸಂಕಟ ತೋಟದ ಲೆಕ್ಕಪುಸ್ತಕಕ್ಕೂ ಬರುತ್ತದೆಂದು ನಮಗೆ ಅರಿವಾಯಿತು. ಆದ್ದರಿಂದ ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಈ ನಾಲ್ಕು ಊರುಗಳು ಆ ಪೆಟ್ಟಿನಿಂದ ಎದ್ದ ಬಗೆಯನ್ನು ಇಲ್ಲಿ ವಿವರಿಸುತ್ತಿದ್ದೇವೆ.

ಹೊಸಪೇಟೆಯನ್ನು ನಡುವಿಟ್ಟುಕೊಂಡರೆ ಉಳಿದ ಮೂರೂ ಹೆಚ್ಚು ಕಡಿಮೆ 30 ಕಿಲೋಮೀಟರಿನೊಳಗೇ ಇವೆ. ಬಂದ ರೋಗ ಒಂದೇ, ಹಾಕಿದ ಬೀಗವೂ ಒಂದೇ. ಆದರೂ ನಾಲ್ಕೂ ಒಂದೇ ಸಲಕ್ಕೆ ಎದ್ದು ನಿಲ್ಲಲಿಲ್ಲ. ಇದಕ್ಕೆ ಮುಖ್ಯ ಕಾರಣವೆಂದು ನಮಗೆ ತೋರುವುದು ಇಷ್ಟೇ: ಆಯಾ ಊರು ಮಾರುವ ಸರಕನ್ನು ಇಂದು ಮಾರದಿದ್ದರೆ ನಾಳೆಗೆ ಇಟ್ಟುಕೊಳ್ಳಬಹುದೇ, ಇಲ್ಲವೇ?

ಸಂಡೂರಿನ ಅದಿರು ಗುಡ್ಡದಲ್ಲಿಯೇ ಕುಳಿತಿರುತ್ತದೆ. ಎರಡು ತಿಂಗಳು ಅಗೆಯದಿದ್ದರೆ ಅದೇನೂ ಕೊಳೆಯುವುದಿಲ್ಲ. 2020ರ ಜೂನ್‌ನಲ್ಲಿ ಇದೇ ತಾಲ್ಲೂಕಿನ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಸೋಂಕು ಹಬ್ಬಿ ಜಿಲ್ಲೆಯೇ ಗಾಬರಿಗೊಂಡಿತ್ತು. ಆದರೂ ಅಂತರರಾಷ್ಟ್ರೀಯ ಪೇಟೆಯಲ್ಲಿ ಅದಿರಿನ ಧಾರಣೆ ಏರುತ್ತ ಹೋಗಿ 2021ರ ಮೇ ಹೊತ್ತಿಗೆ ಟನ್ನಿಗೆ 200 ಡಾಲರ್ ದಾಟಿತು. ಲಾರಿಗಳು ಮತ್ತೆ ಓಡಿದವು. ಅದೇ ತಿಂಗಳು ಆ ಕಾರ್ಖಾನೆಯ ಪಕ್ಕದಲ್ಲಿ 1,000 ಹಾಸಿಗೆಗಳ ತಾತ್ಕಾಲಿಕ ಆಸ್ಪತ್ರೆ ಎದ್ದು, ಕುಲುಮೆಗೆಂದು ತಯಾರಾಗುತ್ತಿದ್ದ ಆಮ್ಲಜನಕ ಕೊಳವೆಯ ಮೂಲಕ ರೋಗಿಗಳಿಗೆ ಹರಿಯಿತು.

ಕಂಪ್ಲಿಯದು ತುಂಗಭದ್ರೆಯ ನೀರಿನ ಬದುಕು. ಅಲ್ಲಿಯ ಭತ್ತ ಗೋದಾಮಿನಲ್ಲಿ ಕಾಯುತ್ತದೆ; ಬಾಳೆ ಕಾಯುವುದಿಲ್ಲ. ಒಂದೇ ರೈತನ ಭತ್ತದ ಗದ್ದೆ ಅವನನ್ನು ಉಳಿಸಿದರೆ ಪಕ್ಕದ ಬಾಳೆತೋಟ ಮುಳುಗಿಸಬಲ್ಲದು. ರಾಯ, ಬಸವ, ತುರ್ತು ಕಾಲುವೆಗಳ ಕೆಳಗಿನ ಹೊಸಪೇಟೆ, ಕಮಲಾಪುರದ ಬಾಳೆಯವರ ಪಾಡೂ ಅದೇ. ಗೊನೆ ಹಣ್ಣಾಗುವುದನ್ನು ಯಾವ ಆದೇಶ ತಡೆದೀತು?

ಎಲ್ಲಕ್ಕಿಂತ ಹೆಚ್ಚು ನೊಂದದ್ದು ಹಂಪಿ. ಅಲ್ಲಿ ಮಾರುವುದು ಪ್ರವಾಸಿಯ ಒಂದು ದಿನವನ್ನು. ಖಾಲಿ ಹೋದ ಕೋಣೆ, ದಡಕ್ಕೆ ಕವುಚಿಟ್ಟ ಹರಿಗೋಲು, ಮಾರ್ಗದರ್ಶಿಯ ಕೆಲಸವಿಲ್ಲದ ಬೆಳಗು, ಇವುಗಳನ್ನು ಮರುದಿನ ಎರಡು ಪಟ್ಟು ಮಾರಲಾಗುವುದಿಲ್ಲ. 2020ರ ಮಾರ್ಚ್ ಮೊದಲಿಗೆ ನ್ಯಾಯಾಲಯದ ಆದೇಶದಂತೆ ವಿರೂಪಾಪುರಗಡ್ಡೆಯ ವಸತಿಗೃಹಗಳು ತೆರವಾದವು. ಮಾರ್ಚ್ 17ಕ್ಕೆ ಸ್ಮಾರಕಗಳಿಗೆ ಬೀಗ ಬಿತ್ತು. ಜುಲೈ 6ರಿಂದ ದೇಶದ ಸ್ಮಾರಕಗಳನ್ನು ತೆರೆಯಲು ಅನುಮತಿ ದೊರೆತರೂ ವಿದೇಶಿ ಪ್ರವಾಸಿಗಳು ಬರುವಂತಿರಲಿಲ್ಲ. ಮತ್ತೆ 2021ರ ಏಪ್ರಿಲ್ 16ರಿಂದ ಎರಡು ತಿಂಗಳು ಬಾಗಿಲು ಮುಚ್ಚಿತು. 2020ರ ನವೆಂಬರಿನಲ್ಲಿ ಒಂದೇ ದಿನಕ್ಕೆ ಮುಗಿದ ಹಂಪಿ ಉತ್ಸವ ಮೂರು ದಿನಗಳ ವೈಭವಕ್ಕೆ ಮರಳಿದ್ದು 2023ರ ಜನವರಿಯಲ್ಲಿ. ಆ ವರ್ಷದ ಜುಲೈನಲ್ಲಿ ಜಿ-20 ಸಭೆ ಹಂಪಿಯಲ್ಲಿ ನಡೆದಾಗ ಸಂಡೂರು ಸೀಮೆಯ 450ಕ್ಕೂ ಮಿಕ್ಕಿದ ಲಂಬಾಣಿ ಹೆಣ್ಣುಮಕ್ಕಳ ಕೈಯಲ್ಲಿ ಸಿದ್ಧವಾದ 1,755 ಕಸೂತಿ ವಸ್ತುಗಳು ಗಿನ್ನೆಸ್ ದಾಖಲೆ ಸೇರಿದವು. ಅಂದರೆ ಅದಿರಿನ ಲಾರಿ ವರ್ಷದೊಳಗೆ ಓಡಿದರೆ, ಹಂಪಿಯ ಅಂಗಡಿಬೀದಿಗೆ ಮೂರು ವರ್ಷ ಬೇಕಾಯಿತು.

ಹೊಸಪೇಟೆ ಈ ಮೂರಕ್ಕೂ ಪೇಟೆ. ಹಂಪಿಯ ಹಣ ನಿಂತರೂ ಗಣಿಯ ಹಣ ಬಂತು, ಭತ್ತದ ಹಣವೂ ಬಂತು. 2021ರ ಅಕ್ಟೋಬರಿನಲ್ಲಿ ಅದು ಹೊಸ ವಿಜಯನಗರ ಜಿಲ್ಲೆಯ ಕೇಂದ್ರವೂ ಆಯಿತು.

ಈಗ ಕೂಲಿಯ ಮಾತು. ಕೂಡಿಡಲಾಗದ ಸರಕುಗಳಲ್ಲೆಲ್ಲ ಮೊದಲನೆಯದು ದುಡಿಮೆ. ಕಳೆದುಹೋದ ದಿನದ ಕೂಲಿ ಯಾವ ಧಾರಣೆಗೂ ಮರಳದು. ಆದುದರಿಂದಲೇ ಪುನರ್ನಿರ್ಮಾಣ ಕೂಲಿಯಿಂದ ಆರಂಭವಾಗಬೇಕಿತ್ತು. ರಾಜ್ಯ ಸರ್ಕಾರ 2020ರ ಮೇ 6ರಂದು 1,610 ಕೋಟಿ ರೂಪಾಯಿಗಳ ನೆರವು ಘೋಷಿಸಿ ಅಗಸರು, ಕ್ಷೌರಿಕರು, ಆಟೋ ಚಾಲಕರಿಗೆ ತಲಾ 5,000 ರೂ. ಕೊಟ್ಟಿತು. ಒಂದು ಸಲದ ಹಣ ಎಷ್ಟು ದಿನ ಬಂದೀತು? ಉದ್ಯೋಗ ಖಾತ್ರಿಯಲ್ಲಿ ಆ ವರ್ಷ ನಮ್ಮ ರಾಜ್ಯದ ದಿನಗೂಲಿ 249 ರೂ.ಗಳಿಂದ 275ಕ್ಕೆ ಏರಿತು. ಕೇಂದ್ರವು ಯೋಜನೆಗೆ ಮೇಲಾಗಿ 40,000 ಕೋಟಿ ಒದಗಿಸಿತು. ಬದು, ಕೃಷಿಹೊಂಡ, ಕೆರೆ ಹೂಳು ಮುಂತಾದ ಕೆಲಸಗಳಿಂದ ಊರಿಗೆ ಮರಳಿದವರ ಒಲೆ ಉರಿಯಿತು, ನೀರು ನಿಲ್ಲಲು ಜಾಗವೂ ಆಯಿತು. ಕೈಗೆ ಕಾಸು ಕೊಡುವುದಕ್ಕಿಂತ ಇದು ಮೇಲೆಂಬುದು ನಮ್ಮ ಅಭಿಪ್ರಾಯ. ಆದರೆ ಗುದ್ದಲಿ ಹಿಡಿಯಲಾರದ ಮುದುಕರಿಗೆ ಕಾಸೇ ಗತಿ ಎಂಬುದನ್ನೂ ಒಪ್ಪಬೇಕು.

ನಮ್ಮ ಅಡಿಕೆ, ಕಾಫಿ ಎರಡೂ ಕಾಯಬಲ್ಲ ಸರಕುಗಳು. 2020ರ ಏಪ್ರಿಲ್‌ನಲ್ಲಿ ಸಿಕ್ಕಿದ ಧಾರಣೆಗೆ ಚಾಲಿ ಕೊಟ್ಟವರಿದ್ದಾರೆ. ಅದೇ ಚಾಲಿ 2021ರ ಸೆಪ್ಟೆಂಬರ್ ಹೊತ್ತಿಗೆ ಕಿಲೋಗೆ 500 ರೂ. ಮುಟ್ಟಿತು. ಗಡಿ ದಾಟಿ ಬರುತ್ತಿದ್ದ ಕಳ್ಳ ಅಡಿಕೆ ಕಡಿಮೆಯಾದದ್ದು ಇದಕ್ಕೆ ಒಂದು ಕಾರಣ. ಕಾಫಿಗೂ 2021ರ ಜುಲೈನ ಬ್ರೆಜಿಲ್ ಹಿಮಪಾತದ ನಂತರ ಒಳ್ಳೆಯ ಬೆಲೆ ಬಂತು. ಆದರೆ ಸರಕು ಕಾದರೆ ಸಾಲದು, ಬೆಳೆಗಾರನ ಮನೆಯೂ ಕಾಯುವಂತಿರಬೇಕು. ಗೊಬ್ಬರದ ಬಾಕಿ, ಮಕ್ಕಳ ಫೀಜು, ಆಸ್ಪತ್ರೆಯ ಬಿಲ್ಲು ತಲೆಯ ಮೇಲಿದ್ದವನ ಅಡಿಕೆ ಬಾಳೆಗೊನೆಗೆ ಸಮ. ಹೀಗೆ ಅವಸರಕ್ಕೆ ಮಾರುವ ಸಣ್ಣ ಹಿಡುವಳಿದಾರರಿಗಾಗಿಯೇ ಸಹಕಾರ ಸಂಘಗಳಲ್ಲಿ ಉತ್ಪನ್ನದ ಮೇಲಿನ ಈಡಿನ ಸಾಲವಿರುವುದು. ಮಾಲು ಗೋದಾಮಿನಲ್ಲಿರುತ್ತದೆ, ತುರ್ತಿಗೆ ಹಣ ಕೈಯಲ್ಲಿರುತ್ತದೆ. ಬಡ್ಡಿಯ ಲೆಕ್ಕ ಹಾಕಿಕೊಂಡೇ ಇದನ್ನು ಪಡೆಯತಕ್ಕದ್ದು. ಧಾರಣೆ ಏರಿಯೇ ತೀರುತ್ತದೆಂಬ ಜೂಜಿಗೆ ಅಲ್ಲ.

ಕೊಯ್ಲಿಗೆ ಆಳುಗಳನ್ನು ಕರೆಸುವ ಸದಸ್ಯರು ಎರಡು ವಿಷಯ ಗಮನಿಸಬೇಕಾಗಿ ಕೋರಿಕೆ. ಬರುವವರಿಗೆ ಪಡಿತರ ಚೀಟಿ, ಆಧಾರ್ ಜೊತೆಗೆ ತರಲು ಮೊದಲೇ ಹೇಳಿ ಕಳುಹಿಸಿದರೆ ನಮ್ಮೂರಿನ ನ್ಯಾಯಬೆಲೆ ಅಂಗಡಿಯಲ್ಲಿಯೇ ಅಕ್ಕಿ ಪಡೆಯಬಹುದು. 2021ರ ಆಗಸ್ಟಿನಲ್ಲಿ ಆರಂಭವಾದ ಇ-ಶ್ರಮ್ ನೋಂದಣಿಗೆ 16ರಿಂದ 59 ವಯಸ್ಸಿನ ಅಸಂಘಟಿತ ಕಾರ್ಮಿಕರೆಲ್ಲ ಅರ್ಹರು. ಇನ್ನೂ ಹೆಸರು ಬರೆಸದವರಿದ್ದರೆ, ವಾರದ ಬಟವಾಡೆಯ ದಿನ ಅರ್ಧ ಹೊತ್ತು ಬಿಡುವು ಕೊಟ್ಟು ಬರೆಸಿಕೊಂಡು ಬರಲು ಕಳುಹಿಸುವುದು.